ನೀತಿಬೋಧನೆ, ವಿಜ್ಞಾನ ಮತ್ತು ಎಂಜಿನಿಯರಿಂಗ್ ಶಿಕ್ಷಣದಲ್ಲಿ

ವಿಜ್ಞಾನ ಮತ್ತು ಎಂಜಿನಿಯರಿಂಗ್ ಓದುವ ಪದವಿ ವಿದ್ಯಾರ್ಥಿಗಳು ತಮ್ಮ ವೃತ್ತಿಯಲ್ಲಿ ಎದುರಾಗುವ ಸರಿತಪ್ಪುಗಳನ್ನು ಗುರುತಿಸಿ, ತೂಗಿ ನೋಡಿ, ಒಂದು ನಿರ್ಧಾರಕ್ಕೆ ಬರುವಂತೆ ಅಣಿಗೊಳಿಸುವ ಪಾಠಕ್ರಮ. ಅಳತೆಯ ಅಂಕಿಯನ್ನು ತಿದ್ದದಿರುವುದು, ಇನ್ನೊಬ್ಬರ ಬರಹವನ್ನು ತನ್ನದೆಂದು ಕೊಡದಿರುವುದು, ಗುತ್ತಿಗೆಯ ಗಡುವಿಗಿಂತ ಜನರ ಜೀವವನ್ನು ಮೇಲಿಡುವುದು, ಒಂದು ಯೋಜನೆಯಿಂದ ಯಾರಿಗೆ ಲಾಭ, ಯಾರ ಹೊಲ ಮುಳುಗುತ್ತದೆ ಎಂದು ಕೇಳುವುದು ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ಕರ್ನಾಟಕದಲ್ಲಿ ಇದು ಬಹುಪಾಲು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕಡ್ಡಾಯ ಪತ್ರಿಕೆಗಳ ರೂಪದಲ್ಲಿ ನಡೆಯುತ್ತಿದೆ. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್, ಭಾಲ್ಕಿ ಸೀಮೆಯಲ್ಲಿ, ಗೋರ್ಟಾ (ಬಿ) ಯಂಥ ಹಳ್ಳಿಗಳಿಂದ ಬಂದ ಮಕ್ಕಳು ಓದುವ ಕಾಲೇಜುಗಳಲ್ಲಿ ಇದಕ್ಕೆ ಹೊಸದಾಗಿ ಹುಡುಕಬೇಕಿಲ್ಲದ ಹಿನ್ನೆಲೆಯೂ ಇದೆ, ಇನ್ನೂ ಕೈಹಚ್ಚದ ಕೆಲಸವೂ ಇದೆ.

ಕಲ್ಯಾಣ ಮತ್ತು ಬೀದರಿನ ಹಿನ್ನೆಲೆ

ಬಸವಕಲ್ಯಾಣ ಕಲ್ಯಾಣದ ಚಾಲುಕ್ಯರ ರಾಜಧಾನಿ. ವಿಜ್ಞಾನೇಶ್ವರನ ‘ಮಿತಾಕ್ಷರ’ ರೂಪುಗೊಂಡದ್ದು ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. ಅವನ ಮಗ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ ಆ ಕಾಲದ ವಿಶ್ವಕೋಶ. ಆದರೆ ವೃತ್ತಿನೀತಿಯ ದೃಷ್ಟಿಯಿಂದ ಹೆಚ್ಚು ಮುಖ್ಯವಾದುದು 12ನೆಯ ಶತಮಾನದ ಶರಣರ ಕಾಯಕ ತತ್ತ್ವ. ಅನುಭವ ಮಂಟಪದ ಚರ್ಚೆಯಲ್ಲಿ ಕುಳಿತವರು ಕೈಕೆಲಸದವರು: ಬಟ್ಟೆ ಒಗೆಯುವ ಮಾಚಿದೇವ, ದೋಣಿ ನಡೆಸುವ ಚೌಡಯ್ಯ, ಚಮ್ಮಾರ ಹರಳಯ್ಯ, ಬಿದಿರಿನ ಕೆಲಸದ ಕೇತಯ್ಯ, ಹಗ್ಗ ಹೊಸೆಯುವ ಚಂದಯ್ಯ. ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸುವುದರಲ್ಲೇ ಮುಳುಗಿದ್ದವನು. ಅಲ್ಲಮ ಅವನನ್ನು ಕಲ್ಯಾಣಕ್ಕೆ ಕರೆತಂದ ಪ್ರಸಂಗ ಪ್ರಸಿದ್ಧ. ಇಂದಿನ ಸಿವಿಲ್ ವಿಭಾಗದ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪೂರ್ವಿಕ ಸಿಗುವುದು ಕಷ್ಟ.

ಆಯ್ದಕ್ಕಿ ಮಾರಯ್ಯನ ಕಥೆ ಈ ಸೀಮೆಯ ಮನೆಮನೆಗೂ ಗೊತ್ತು. ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಳಗಿಡಲಿಲ್ಲ. ಹೆಚ್ಚಿನದನ್ನು ತಂದ ಜಾಗದಲ್ಲೇ ಸುರಿದು ಬರಲು ಹೇಳಿದಳು. ಕಾಯಕದ ಗಳಿಕೆಗೂ ಒಂದು ಮಿತಿಯುಂಟು, ಆ ಮಿತಿಯನ್ನು ಕಾಯುವುದು ಹೊರಗಿನ ಕಾವಲುಗಾರನಲ್ಲ ಎಂಬ ವಿಚಾರ ಇಲ್ಲಿದೆ. ಪರ್ಸೆಂಟೇಜ್ ಲೆಕ್ಕದಲ್ಲಿ ಬಿಲ್ ಪಾಸಾಗುವ ಕಾಲದಲ್ಲಿ ಈ ಕಥೆಯನ್ನು ಭಕ್ತಿಯ ಕಪಾಟಿನಲ್ಲಿಟ್ಟು ಪೂಜಿಸುವುದಕ್ಕಿಂತ ಎಸ್ಟಿಮೇಟ್ ಪಾಠದ ಜೊತೆ ಓದಿಸಬೇಕೆಂಬುದು ಈ ಲೇಖಕನ ಅಭಿಪ್ರಾಯ.

ಬೀದರಿನಲ್ಲಿ ಬಹಮನಿ ವಜೀರ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ದಖ್ಖನಿನ ದೊಡ್ಡ ವಿದ್ಯಾಕೇಂದ್ರವಾಗಿತ್ತು. ಅಲ್ಲಿ ಗಣಿತ, ವೈದ್ಯ, ತತ್ತ್ವಶಾಸ್ತ್ರ, ಧರ್ಮಶಾಸ್ತ್ರ ಒಂದೇ ಸೂರಿನಡಿ ನಡೆಯುತ್ತಿದ್ದವು. ಗವಾನನ ಅಂತ್ಯವೂ ಒಂದು ಪಾಠವೇ. ಅವನ ವೈರಿಗಳು ಖಾಲಿ ಹಾಳೆಯ ಮೇಲೆ ಅವನ ಮುದ್ರೆ ಒತ್ತಿಸಿಕೊಂಡು, ಆಮೇಲೆ ಅದರಲ್ಲಿ ರಾಜದ್ರೋಹದ ಪತ್ರ ಬರೆದರೆಂದು ಇತಿಹಾಸಕಾರ ಫಿರಿಶ್ತಾ ಹೇಳುತ್ತಾನೆ. ಆ ಸುಳ್ಳು ಕಾಗದವನ್ನು ನಂಬಿ ಸುಲ್ತಾನ 1481ರಲ್ಲಿ ಅವನನ್ನು ಕೊಲ್ಲಿಸಿದ. ಅಳತೆಯೇ ಆಗದ ಕೆಲಸಕ್ಕೆ ಎಂ.ಬಿ. (ಅಳತೆ) ಪುಸ್ತಕದಲ್ಲಿ ಮೊದಲೇ ಸಹಿ ಹಾಕಿಸಿಕೊಳ್ಳುವ ಪದ್ಧತಿಯನ್ನು ಕೇಳಿ ಬಲ್ಲ ಯಾರಿಗಾದರೂ ಇದು ಹಳೆಯ ಕಾಲದ ಕಥೆ ಅನ್ನಿಸದು. ಬೀದರಿನ ನೌಬಾದ್‌ನಲ್ಲಿ ನೆಲದಡಿಯ ಕಾಲುವೆಯಲ್ಲಿ ನೀರು ಹರಿಸುವ ಸುರಂಗಬಾವಿ ವ್ಯವಸ್ಥೆಯೂ ಬಹಮನಿಗಳ ಕಾಲದ್ದೇ. ಎಲ್ಲರ ನೀರನ್ನು ಹಂಚಿಕೊಂಡು ಕಾಯ್ದುಕೊಳ್ಳುವ ತಂತ್ರವಾದ್ದರಿಂದ ಅದೂ ಈ ವಿಷಯಕ್ಕೆ ಸೇರುತ್ತದೆ.

ಬೀದರ್ 1948ರವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನದ ರಾಜಧಾನಿಯಲ್ಲಿ 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತ ಮೇಲೆ ಪ್ರವಾಹ ತಡೆಯ ಯೋಜನೆ ಸಿದ್ಧಪಡಿಸಲು ಕರೆಸಿದ್ದು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ಆ ಯೋಜನೆಯ ಫಲ. ಅವರ ಪ್ರಾಮಾಣಿಕತೆಯ ಬಗ್ಗೆ ಶಾಲೆಗಳಲ್ಲಿ ಹೇಳುವ ಮೇಣದಬತ್ತಿಯ ಕಥೆಗಿಂತ ಈ ಕೆಲಸ ಹೆಚ್ಚು ಕಲಿಸುತ್ತದೆ: ಅವಘಡ ನಡೆದ ಮೇಲೆ ಮಳೆ, ನದಿಪಾತ್ರ, ಮೇಲ್ದಂಡೆಯ ಕೆರೆಗಳ ಲೆಕ್ಕವನ್ನೆಲ್ಲ ಕೂಡಿಸಿ, ಮತ್ತೆ ಹಾಗಾಗದಂತೆ ಮಾಡುವ ಶ್ರಮವೂ ಎಂಜಿನಿಯರನ ನೀತಿಯೇ. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶದಾದ್ಯಂತ ಎಂಜಿನಿಯರುಗಳ ದಿನವಾಗಿ ಆಚರಿಸುತ್ತಾರೆ.

ಪಠ್ಯಕ್ರಮ

ಎಂಜಿನಿಯರಿಂಗ್ ನೀತಿ ಒಂದು ವಿಷಯವಾಗಿ ಬೆಳೆದದ್ದು ಅವಘಡಗಳ ಬೆನ್ನಿಗೆ. ಕೆನಡಾದ ಕ್ವಿಬೆಕ್ ಸೇತುವೆ 1907ರಲ್ಲಿ ಕಟ್ಟುತ್ತಿರುವಾಗಲೇ ಕುಸಿದು 75 ಕಾರ್ಮಿಕರು ಸತ್ತರು. 1925ರಿಂದ ಅಲ್ಲಿ ಹೊಸ ಎಂಜಿನಿಯರುಗಳು ಕಬ್ಬಿಣದ ಉಂಗುರ ತೊಟ್ಟು ಪ್ರಮಾಣ ಮಾಡುವ ಸಂಪ್ರದಾಯವಿದೆ. 1984ರ ಭೋಪಾಲ್ ಅನಿಲ ದುರಂತ, 1986ರ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಸ್ಫೋಟ ಈ ಎರಡೂ ಜಗತ್ತಿನಾದ್ಯಂತ ಪಠ್ಯಪುಸ್ತಕ ಸೇರಿದವು. ಚಾಲೆಂಜರ್ ಹಾರುವ ಹಿಂದಿನ ರಾತ್ರಿ ಚಳಿಗೆ ರಬ್ಬರ್ ಉಂಗುರಗಳು ಸೆಟೆಯುತ್ತವೆ ಎಂದು ಎಚ್ಚರಿಸಿದ ಎಂಜಿನಿಯರುಗಳ ಮಾತು ನಡೆಯದೆ ಹೋದದ್ದು, ತಿಳಿದವನ ಮಾತು ಮೇಲಿನವನ ಮೇಜಿನ ಮುಂದೆ ಹೇಗೆ ಸೋಲುತ್ತದೆ ಎಂಬುದಕ್ಕೆ ಇಂದಿಗೂ ಮೊದಲ ಉದಾಹರಣೆ.

ಭಾರತದಲ್ಲಿ ವೈದ್ಯರಿಗೆ, ವಕೀಲರಿಗೆ, 1972ರ ಕಾಯಿದೆಯಡಿ ವಾಸ್ತುಶಿಲ್ಪಿಗಳಿಗೆ ಶಾಸನಬದ್ಧ ಮಂಡಳಿಗಳಿವೆ. ಎಂಜಿನಿಯರುಗಳಿಗೆ ಅಂಥ ಕೇಂದ್ರ ಕಾನೂನು ಇಲ್ಲ. 1920ರಲ್ಲಿ ಸ್ಥಾಪನೆಯಾದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ (ಇಂಡಿಯಾ) ತನ್ನ ಸದಸ್ಯರಿಗೆ ನೀತಿಸಂಹಿತೆ ಇಟ್ಟಿದೆ, ಆದರೆ ಸದಸ್ಯನಾಗದೆಯೂ ಎಂಜಿನಿಯರ್ ಕೆಲಸ ಮಾಡಬಹುದು. ವೃತ್ತಿಯ ಬಾಗಿಲಲ್ಲಿ ತಡೆಯುವವರು ಇಲ್ಲದಿರುವುದರಿಂದಲೇ ಕಾಲೇಜಿನಲ್ಲಿ ಕಲಿಸುವ ನೀತಿಗೆ ಇಲ್ಲಿ ಹೆಚ್ಚಿನ ಭಾರ ಬಿದ್ದಿದೆ. 2014ರಲ್ಲಿ ಭಾರತ, ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯನಾಯಿತು. ಆ ಚೌಕಟ್ಟಿಗೆ ಹೊಂದಿಕೊಂಡು ರಾಷ್ಟ್ರೀಯ ಮಾನ್ಯತಾ ಮಂಡಳಿ ಪದವೀಧರನಲ್ಲಿರಬೇಕಾದ 12 ಗುಣಗಳನ್ನು ಪಟ್ಟಿ ಮಾಡಿತು. ನೀತಿ ಆ ಪಟ್ಟಿಯಲ್ಲಿ ಎಂಟನೆಯದಾಗಿತ್ತು.

1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಟ್ಟುಕೊಂಡು ಆರಂಭವಾದ ವಿಟಿಯು ರಾಜ್ಯದ ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳನ್ನು ಒಂದೇ ಪಠ್ಯಕ್ರಮದಡಿ ತಂದಿತು. ಬೀದರಿನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು (1980), ಮೊದಲು ರೂರಲ್ ಎಂಜಿನಿಯರಿಂಗ್ ಕಾಲೇಜು ಎನಿಸಿದ್ದ ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆ, ಬಸವಕಲ್ಯಾಣ ಎಂಜಿನಿಯರಿಂಗ್ ಕಾಲೇಜು ಇದೇ ಬಳಗಕ್ಕೆ ಸೇರಿದವು. ವಿಟಿಯುವಿನ ನೀತಿ ಪತ್ರಿಕೆ ‘ಭಾರತದ ಸಂವಿಧಾನ ಮತ್ತು ವೃತ್ತಿನೀತಿ’ ಎಂದು ಮೊದಲ ವರ್ಷದಲ್ಲಿತ್ತು. ಆಮೇಲೆ ಅದಕ್ಕೆ ಮಾನವ ಹಕ್ಕುಗಳು ಸೇರಿ ಎರಡನೆಯ ವರ್ಷಕ್ಕೆ ಹೋಯಿತು. 2018ರ ಸ್ಕೀಮಿನಲ್ಲಿ ಮಾನವ ಹಕ್ಕುಗಳ ಜಾಗಕ್ಕೆ ಸೈಬರ್ ಕಾನೂನು ಬಂತು, ಪತ್ರಿಕೆ 1 ಕ್ರೆಡಿಟ್ಟಿನದಾಯಿತು. ಎಂಜಿನಿಯರಿಂಗ್ ನೀತಿಯ ಭಾಗದಲ್ಲಿ ಹೊಣೆಗಾರಿಕೆ, ಅದಕ್ಕೆ ಬರುವ ಅಡ್ಡಿಗಳು, ಪ್ರಾಮಾಣಿಕತೆ, ಅಪಾಯ ಮತ್ತು ಸುರಕ್ಷತೆ ಇವೆ. ಅಡ್ಡಿಗಳ ಭಾಗ ನಿಜಕ್ಕೂ ಒಳ್ಳೆಯದು. ಸ್ವಾರ್ಥ, ಭಯ, ತನಗೆ ತಾನೇ ಹೇಳಿಕೊಳ್ಳುವ ಸುಳ್ಳು, ಅಜ್ಞಾನ, ತನ್ನ ಕೆಲಸದ ತುಣುಕನ್ನಷ್ಟೇ ನೋಡುವ ಕಿರುನೋಟ, ಮೇಲಧಿಕಾರಿಯ ಮಾತನ್ನು ಪ್ರಶ್ನಿಸದೆ ಒಪ್ಪುವುದು, ಗುಂಪಿನ ಜೊತೆ ತಲೆಯಾಡಿಸುವುದು: ಒಬ್ಬ ಜೂನಿಯರ್ ಎಂಜಿನಿಯರನ ಮೊದಲ ಐದು ವರ್ಷದಲ್ಲಿ ಇವಿಷ್ಟೂ ಎದುರಾಗುತ್ತವೆ.

ಪರೀಕ್ಷೆ ಮಾತ್ರ ಬಹು ಆಯ್ಕೆಯ ಪ್ರಶ್ನೆಗಳದ್ದು. ಓಎಂಆರ್ ಹಾಳೆಯಲ್ಲಿ ಗುಂಡಿ ತುಂಬಿದರೆ ಮುಗಿಯಿತು. ಯಾವ ವಿಧಿ ಯಾವ ಹಕ್ಕಿಗೆ ಸಂಬಂಧಿಸಿದ್ದು ಎಂದು ಕೇಳುವುದಕ್ಕೆ ಈ ವಿಧಾನ ಸರಿ. ಆದರೆ ‘ಕಳಪೆ ಕಂಬಿ ಬಂದಿದೆ, ಗುತ್ತಿಗೆದಾರ ನಿಮ್ಮ ಊರಿನವನು, ಇಇ ಸಾಹೇಬರು ಸಹಿ ಹಾಕಿ ಅಂತಾರೆ, ನೀವು ಏನು ಮಾಡುತ್ತೀರಿ’ ಎಂಬ ಪ್ರಶ್ನೆಗೆ ನಾಲ್ಕು ಆಯ್ಕೆಗಳಲ್ಲಿ ಒಂದು ಸರಿಯುತ್ತರ ಇರಲಾರದು. ಇಂಥ ಪ್ರಶ್ನೆಗೆ ಎರಡು ಪುಟ ಬರೆಯಬೇಕು, ಎದುರಿಗೆ ಕುಳಿತವರ ಜೊತೆ ವಾದಿಸಬೇಕು. ಪತ್ರಿಕೆಯನ್ನು ಕಲಿಸುವ ಹೊಣೆ ಸಾಮಾನ್ಯವಾಗಿ ಬೀಳುವುದು ಆ ಸೆಮಿಸ್ಟರಿನಲ್ಲಿ ವರ್ಕ್‌ಲೋಡ್ ಕಡಿಮೆಯಿರುವ ಅಧ್ಯಾಪಕರ ಮೇಲೆ. ಅವರ ತಪ್ಪೇನಿಲ್ಲ, ಅದಕ್ಕೆ ಅವರನ್ನು ತಯಾರು ಮಾಡುವವರು ಇಲ್ಲ.

2021 ಮತ್ತು 2022ರ ಸ್ಕೀಮುಗಳಲ್ಲಿ ‘ಸಾರ್ವತ್ರಿಕ ಮಾನವ ಮೌಲ್ಯಗಳು’ ಮತ್ತು ‘ಸಾಮಾಜಿಕ ಸಂಪರ್ಕ ಮತ್ತು ಹೊಣೆಗಾರಿಕೆ’ ಎಂಬ ಪತ್ರಿಕೆಗಳು ಬಂದವು. ಮೊದಲನೆಯದು ಎಐಸಿಟಿಇ ದೇಶವ್ಯಾಪಿಯಾಗಿ ತಂದದ್ದು. ಅದರ ಮೂಲ ಎ. ನಾಗರಾಜ್ ಅವರ ‘ಮಧ್ಯಸ್ಥ ದರ್ಶನ’. ಹಾಸನ ಜಿಲ್ಲೆಯ ಅಗ್ರಹಾರ ಎಂಬ ಹಳ್ಳಿಯಲ್ಲಿ 1920ರಲ್ಲಿ ಹುಟ್ಟಿದ ಅವರು ನರ್ಮದೆಯ ಉಗಮವಾದ ಅಮರಕಂಟಕಕ್ಕೆ ಹೋಗಿ ನೆಲೆಸಿ ತಮ್ಮ ವಿಚಾರವನ್ನು ರೂಪಿಸಿದರು. ಅದನ್ನು ಹೈದರಾಬಾದಿನ ಐಐಐಟಿ ಮತ್ತು ಆಮೇಲೆ ಉತ್ತರ ಪ್ರದೇಶದ ತಾಂತ್ರಿಕ ವಿಶ್ವವಿದ್ಯಾಲಯ ಪಠ್ಯವಾಗಿಸಿದವು. ಕನ್ನಡ ನಾಡಿನಿಂದ ಹೊರಟ ವಿಚಾರವೊಂದು ಉತ್ತರ ಭಾರತ ಸುತ್ತಿ ಕರ್ನಾಟಕದ ತರಗತಿಗೆ ಮರಳಿ ಬಂದದ್ದು ಇಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. ತಾನು, ಕುಟುಂಬ, ಸಮಾಜ, ಪ್ರಕೃತಿ ಈ ನಾಲ್ಕು ಹಂತಗಳಲ್ಲಿ ಸಾಮರಸ್ಯ ಹುಡುಕಲು ಅದು ಕಲಿಸುತ್ತದೆ. ಉಪದೇಶ ಮಾಡದೆ ವಿದ್ಯಾರ್ಥಿಯೇ ತನ್ನೊಳಗೆ ಪರಿಶೀಲಿಸಲಿ ಎನ್ನುತ್ತದೆ. ಮೊದಲ ಬಾರಿಗೆ ಮನೆ ಬಿಟ್ಟು ಹಾಸ್ಟೆಲ್ ಸೇರಿದ ಹುಡುಗ ಹುಡುಗಿಯರಿಗೆ ಅದರಿಂದ ಉಪಯೋಗವಿದೆ. ಆದರೆ ಟೆಂಡರು, ಜಾತಿ, ಹೆಣ್ಣುಗಂಡಿನ ಭೇದ, ಕಂಪನಿಯ ಒಳಗಿನ ಏಣಿ ಇವುಗಳ ಮಾತು ಅಲ್ಲಿ ತೀರ ಕಡಿಮೆ. ಮನುಷ್ಯ ಒಳಗೆ ಶಾಂತನಾಗಿದ್ದೂ ಹೊರಗೆ ಅನ್ಯಾಯದ ಯಂತ್ರವೊಂದರ ಹಲ್ಲಾಗಿ ತಿರುಗುತ್ತಿರಬಹುದು.

ಪ್ರಯೋಗಶಾಲೆಯ ಪಾಠ

ನೀತಿಯ ನಿಜವಾದ ತರಗತಿ ನಡೆಯುವುದು ಲ್ಯಾಬಿನಲ್ಲಿ, ಅಬ್ಸರ್ವೇಶನ್ ಪುಸ್ತಕದ ಪುಟದ ಮೇಲೆ. ಕಾಂಕ್ರೀಟ್ ಲ್ಯಾಬಿನ ಕ್ಯೂಬ್ ಪರೀಕ್ಷೆಯನ್ನು ನೋಡಬಹುದು. 150 ಮಿ.ಮೀ. ಅಳತೆಯ ಕ್ಯೂಬ್ ಎರಕ ಹೊಯ್ದು, 28 ದಿನ ನೀರಿನಲ್ಲಿಟ್ಟು, ಸಿಟಿಎಂ (ಒತ್ತಡ ಪರೀಕ್ಷಾ) ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. ಕ್ಯೂಬಿನ ಮುಖದ ವಿಸ್ತೀರ್ಣ 22,500 ಚದರ ಮಿ.ಮೀ. ಎಂ20 ಕಾಂಕ್ರೀಟ್ ಎನ್ನಿಸಿಕೊಳ್ಳಲು ಅದು 450 ಕಿಲೋನ್ಯೂಟನ್ ಆದರೂ ತಡೆಯಬೇಕು. ಮುಳ್ಳು 380ಕ್ಕೆ ನಿಂತಿತು ಎನ್ನೋಣ. ಭಾಗಿಸಿದರೆ ಸುಮಾರು 16.9 ಬರುತ್ತದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಸೀನಿಯರ್ ರೆಕಾರ್ಡಿನಲ್ಲಿ 460, 472, 455 ಎಂದಿದೆ. ಸರ್ ಸಹಿ ಹಾಕಬೇಕಾದರೆ ‘ಸರಿ’ ಉತ್ತರ ಬೇಕು, ವೈವಾದಲ್ಲಿ ಅಂಕ ಬೇಕು. ರೀಡಿಂಗ್ ಹೊಂದಿಸುತ್ತಾರೆ. ಗುರುತ್ವ ವೇಗೋತ್ಕರ್ಷಕ್ಕೆ 9.8 ಬರುವಂತೆ ಲೋಲಕದ ಸಮಯವನ್ನು ಹಿಂದಿನಿಂದ ಲೆಕ್ಕ ಹಾಕಿ ಬರೆಯುವುದು, ಟೈಟ್ರೇಶನ್ನಿನಲ್ಲಿ ಮೂರು ರೀಡಿಂಗೂ ಒಂದೇ ಎಂದು ತುಂಬುವುದು ಇದೇ ಜಾತಿಯವು.

ಇಲ್ಲಿ ತಪ್ಪು ವಿದ್ಯಾರ್ಥಿಯದು ಮಾತ್ರವಲ್ಲ. ಕಡಿಮೆ ಬಂದ ಅಂಕಿಯನ್ನು ಹಾಗೇ ಬರೆದು, ನೀರು–ಸಿಮೆಂಟ್ ಪ್ರಮಾಣ ಹೆಚ್ಚಾಗಿತ್ತೇ, ಗಟ್ಟಿಸುವಾಗ ಗಾಳಿ ಉಳಿಯಿತೇ, ಮರಳಿನಲ್ಲಿ ಮಣ್ಣಿತ್ತೇ, ಯಂತ್ರದ ಕ್ಯಾಲಿಬ್ರೇಶನ್ ಯಾವಾಗ ಆಗಿತ್ತು ಎಂದು ಹುಡುಕಿದ ವಿದ್ಯಾರ್ಥಿಗೆ ಪೂರ್ಣ ಅಂಕ ಸಿಗುವ ವ್ಯವಸ್ಥೆ ಇದ್ದರೆ ಆ ಒಂದು ಮಧ್ಯಾಹ್ನದಲ್ಲಿ ವಿಜ್ಞಾನವೂ ನೀತಿಯೂ ಒಟ್ಟಿಗೆ ದಕ್ಕುತ್ತವೆ. ಭಾರತೀಯ ಮಾನಕ ಐಎಸ್ 456 ಮೂರು ಕ್ಯೂಬುಗಳ ಸರಾಸರಿ ಕೇಳುತ್ತದೆ, ಒಂದೊಂದರ ವ್ಯತ್ಯಾಸ ಸರಾಸರಿಯ ಶೇ. 15ನ್ನು ಮೀರಬಾರದು ಎನ್ನುತ್ತದೆ. ಅಂದರೆ ನಿಜವಾದ ಅಂಕಿಗಳು ಚದುರುತ್ತವೆ ಎಂಬುದನ್ನು ಮಾನಕವೇ ಒಪ್ಪಿದೆ. ಚದುರದ ಅಂಕಿಗಳನ್ನು ಕಂಡರೆ ಅಧ್ಯಾಪಕರು ಅನುಮಾನಿಸಬೇಕು. ಲ್ಯಾಬಿನಲ್ಲಿ 380ನ್ನು 450 ಮಾಡಿದ ಕೈ ಆರು ವರ್ಷದ ನಂತರ ಸಿಡಿ (ಮೋರಿ, ಅಡ್ಡಕಾಲುವೆ) ಕೆಲಸದ ಕ್ವಾಲಿಟಿ ಕಂಟ್ರೋಲ್ ವರದಿಯಲ್ಲೂ ಅದನ್ನೇ ಮಾಡುತ್ತದೆ.

ಕೊನೆಯ ವರ್ಷದ ಪ್ರಾಜೆಕ್ಟಿನದೂ ಇದೇ ಕಥೆ. ಸಿದ್ಧ ಪ್ರಾಜೆಕ್ಟುಗಳನ್ನು ವರದಿ ಸಮೇತ ಮಾರುವ ಅಂಗಡಿಗಳು ನಗರಗಳಲ್ಲಿವೆ. ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ವರದಿಯನ್ನೂ ಕೋಡನ್ನೂ ಬರೆದುಕೊಡುತ್ತವೆ. ತಡೆಯುವ ದಾರಿ ಸಾಫ್ಟ್‌ವೇರ್ ತಪಾಸಣೆಯೊಂದೇ ಅಲ್ಲ. ಪ್ರಾಜೆಕ್ಟಿನ ವಿಷಯ ವಿದ್ಯಾರ್ಥಿಯ ಊರಿನ ಕೆರೆ, ಬಾವಿ, ರಸ್ತೆ, ಪಂಪ್‌ಸೆಟ್ಟಿನದಾಗಿದ್ದರೆ ಕೊಂಡು ತರುವುದು ತಾನಾಗಿಯೇ ಕಷ್ಟವಾಗುತ್ತದೆ.

ಕರ್ನಾಟಕದ ಪ್ರಕರಣಗಳು

ಪಠ್ಯಪುಸ್ತಕಗಳಲ್ಲಿ ಅಮೆರಿಕದ ಉದಾಹರಣೆಗಳೇ ಹೆಚ್ಚು. ಕರ್ನಾಟಕದಲ್ಲೇ ಕಲಿಸಲು ಸಾಕಷ್ಟಿದೆ.

ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ 1994ರ ಮೇ 13ರಂದು, ನಿರ್ಮಾಣದಲ್ಲಿದ್ದ ಮೊದಲ ಘಟಕದ ಗುಮ್ಮಟದ ಒಳಪದರ ಸೀಳಿ ಸುಮಾರು 130 ಟನ್ ಕಾಂಕ್ರೀಟ್ ಕೆಳಗೆ ಬಿತ್ತು. ಕಾರ್ಮಿಕರು ಗಾಯಗೊಂಡರು. ಸ್ಥಾವರದೊಳಗೆ ಆಗ ಇಂಧನ ಇರಲಿಲ್ಲ. ವಿನ್ಯಾಸವನ್ನು ಮರುಪರಿಶೀಲಿಸಿ ಗುಮ್ಮಟ ಮತ್ತೆ ಕಟ್ಟಿದರು; ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 2000ದಲ್ಲಿ. ಅದಕ್ಕೂ ಮೊದಲೇ ಶಿವರಾಮ ಕಾರಂತರು ಕೈಗಾ ವಿರೋಧಿ ಹೋರಾಟಕ್ಕಿಳಿದು, ಅದೇ ವಿಷಯವಿಟ್ಟುಕೊಂಡು 1989ರ ಲೋಕಸಭಾ ಚುನಾವಣೆಗೂ ನಿಂತಿದ್ದರು. ತಜ್ಞನಲ್ಲದ ಸಾಹಿತಿಗೆ ಅಣುಸ್ಥಾವರದ ಬಗ್ಗೆ ಮಾತಾಡುವ ಹಕ್ಕಿದೆಯೇ? ಈ ಪ್ರಶ್ನೆಯನ್ನು ತರಗತಿಯಲ್ಲಿಟ್ಟರೆ ಒಂದು ಗಂಟೆ ಸಾಲದು. ಅಪಾಯವನ್ನು ಹೊರುವವರು ಜನ, ಆದ್ದರಿಂದ ಕೇಳುವ ಹಕ್ಕು ಅವರಿಗಿದೆ, ವಿವರಿಸುವ ಹೊಣೆ ತಜ್ಞರಿಗಿದೆ ಎಂಬುದು ಈ ಲೇಖಕನ ನಿಲುವು.

ಧಾರವಾಡದಲ್ಲಿ 2019ರ ಮಾರ್ಚ್ 19ರಂದು ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ನಕ್ಷೆಗೆ ಅನುಮತಿ ಕೊಟ್ಟವರು, ಕಂಬದ ಲೆಕ್ಕ ಹಾಕಿದವರು, ಕಟ್ಟಿಸಿದವರು, ಮೇಲ್ವಿಚಾರಣೆ ಮಾಡಬೇಕಿದ್ದವರು ಹೀಗೆ ಹೊಣೆ ಅನೇಕ ಕೈಗಳಲ್ಲಿ ಹಂಚಿಹೋದಾಗ ಯಾರೊಬ್ಬರಿಗೂ ಅದು ತನ್ನದೆನ್ನಿಸುವುದಿಲ್ಲ.

ತುಂಗಭದ್ರಾ ಜಲಾಶಯ ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಸೇರಿ ಕಟ್ಟಿದ್ದು, 33 ಕ್ರಸ್ಟ್ ಗೇಟುಗಳದ್ದು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು, ತುಂಬಿದ್ದ ನೀರನ್ನು ನದಿಗೆ ಬಿಡಬೇಕಾಯಿತು. ನಿವೃತ್ತ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಹರಿಯುತ್ತಿರುವಾಗಲೇ ವಾರದೊಳಗೆ ತಾತ್ಕಾಲಿಕ ಹಲಗೆಗಳನ್ನು ಇಳಿಸಿದರು. ಹೊಸದನ್ನು ಉದ್ಘಾಟಿಸುವುದಕ್ಕೆ ಸಿಗುವ ಹಣ, ಗೌರವ ಹಳೆಯದನ್ನು ಕಾಯುವ ಗ್ರೀಸು, ಸರಪಳಿ, ತಪಾಸಣೆಗೆ ಸಿಗುವುದಿಲ್ಲ. ನಿರ್ವಹಣೆಯನ್ನು ನೀತಿಯ ಪ್ರಶ್ನೆಯಾಗಿ ಕಲಿಸುವ ಪಠ್ಯ ಇನ್ನೂ ಬರಬೇಕಿದೆ.

ಕೋಲಾರ ಚಿನ್ನದ ಗಣಿಯ ಪಟ್ಟಣದಲ್ಲಿ ಕಾರ್ಮಿಕರ ವಸತಿಗೆ ಕಟ್ಟಿದ್ದ ಒಣ ಪಾಯಿಖಾನೆಗಳನ್ನು ಕೈಯಿಂದ ಬಳಿಯುತ್ತಿದ್ದವರು ಒಂದೇ ಸಮುದಾಯದ ಜನ. ಅಲ್ಲೇ ಹುಟ್ಟಿದ ಬೆಜವಾಡ ವಿಲ್ಸನ್ ಅದರ ವಿರುದ್ಧ ಆರಂಭಿಸಿದ ಹೋರಾಟ ಸಫಾಯಿ ಕರ್ಮಚಾರಿ ಆಂದೋಲನವಾಗಿ ದೇಶಕ್ಕೆ ಹಬ್ಬಿತು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸಾವಿರಾರು ಅಡಿ ಆಳಕ್ಕೆ ಗಾಳಿ ಕಳಿಸುವ ಯಂತ್ರಗಳನ್ನು ಇಟ್ಟುಕೊಂಡಿದ್ದ ಗಣಿ ತನ್ನ ಪಾಯಿಖಾನೆಗೆ ನೀರಿನ ವ್ಯವಸ್ಥೆ ಮಾಡಲಿಲ್ಲ. ಇದು ತಂತ್ರಜ್ಞಾನದ ಕೊರತೆಯಲ್ಲ. ಯಾರ ಕಷ್ಟವನ್ನು ನಿವಾರಿಸಬೇಕು, ಯಾರದ್ದನ್ನು ಬಿಡಬಹುದು ಎಂದು ಜಾತಿ ತೀರ್ಮಾನಿಸಿತ್ತು. ಮನುಷ್ಯ ಇಳಿಯಬೇಕಾಗದ ಮ್ಯಾನ್‌ಹೋಲ್ ವಿನ್ಯಾಸ ಮಾಡುವುದು ಪರಿಸರ ಎಂಜಿನಿಯರಿಂಗ್ ಪತ್ರಿಕೆಯ ಮೊದಲ ಪ್ರಶ್ನೆಯಾಗಬೇಕು. ಹರಳಯ್ಯ, ಮಾಚಿದೇವರ ಊರಿನಲ್ಲಿ ಓದುವವರಿಗೆ ಇದನ್ನು ಬಿಟ್ಟು ಕಾಯಕದ ಮಾತಾಡಲು ಬರುವುದಿಲ್ಲ.

ಒಳ್ಳೆಯ ನಡೆಯ ಉದಾಹರಣೆಗಳೂ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಇಸ್ರೋ ಅಧ್ಯಕ್ಷರೂ ಆಗಿದ್ದ ಸತೀಶ್ ಧವನ್, 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ–3 ವಿಫಲವಾದಾಗ ಪತ್ರಕರ್ತರ ಮುಂದೆ ತಾವೇ ನಿಂತು ಹೊಣೆ ಹೊತ್ತರು. 1980ರ ಜುಲೈ 18ರಂದು ಅದು ಯಶಸ್ವಿಯಾದಾಗ ಮಾತಾಡಲು ಯೋಜನಾ ನಿರ್ದೇಶಕ ಅಬ್ದುಲ್ ಕಲಾಂ ಅವರನ್ನು ಕಳಿಸಿದರು. ಕಲಾಂ ಇದನ್ನು ಮತ್ತೆ ಮತ್ತೆ ನೆನೆಯುತ್ತಿದ್ದರು. ಬಿಹಾರದ ಹೆದ್ದಾರಿ ಕಾಮಗಾರಿಯ ಅಕ್ರಮವನ್ನು ಪ್ರಧಾನಿ ಕಚೇರಿಗೆ ಬರೆದು ತಿಳಿಸಿದ ಎಂಜಿನಿಯರ್ ಸತ್ಯೇಂದ್ರ ದುಬೆ 2003ರ ನವೆಂಬರಿನಲ್ಲಿ ಗಯಾದಲ್ಲಿ ಕೊಲೆಯಾದರು. ಧೈರ್ಯ ಬೇಕೆಂದು ಬೋಧಿಸುವ ಅಧ್ಯಾಪಕ ಅದರ ಬೆಲೆಯನ್ನೂ, ಒಬ್ಬಂಟಿಯಾಗಿ ಹೋಗದೆ ದಾಖಲೆ, ಸಹೋದ್ಯೋಗಿ, ಕಾನೂನು ಇವುಗಳ ಬೆಂಬಲ ಕಟ್ಟಿಕೊಳ್ಳುವ ಬಗೆಯನ್ನೂ ಹೇಳಿಕೊಡಬೇಕು.

ವಿಜ್ಞಾನ ವಿಭಾಗಗಳಲ್ಲಿ

ಬಿ.ಎಸ್ಸಿ. ಹಂತದಲ್ಲಿ ನೀತಿಪಾಠ ಎಂಜಿನಿಯರಿಂಗಿನಷ್ಟೂ ವ್ಯವಸ್ಥಿತವಾಗಿಲ್ಲ. ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಕಪ್ಪೆ, ಜಿರಲೆ ಕೊಯ್ಯುವುದನ್ನು ಕಡಿಮೆ ಮಾಡಲು ಯುಜಿಸಿ 2011ರಲ್ಲಿ ಹೊರಡಿಸಿದ ಮಾರ್ಗಸೂಚಿ ತರಗತಿಯೊಳಗೆ ಕಣ್ಣಿಗೆ ಕಾಣುವಂತೆ ಬಂದ ಬದಲಾವಣೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಂಥ ಕಡೆ ಪ್ರಾಣಿ ಪ್ರಯೋಗಕ್ಕೆ ನೀತಿ ಸಮಿತಿಯ ಒಪ್ಪಿಗೆ ಬೇಕು. ಮನುಷ್ಯರ ಮೇಲಿನ ಸಂಶೋಧನೆಗೆ ಐಸಿಎಂಆರ್ 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಗಳಿವೆ.

ಸಂಶೋಧನೆಯ ಹಂತದಲ್ಲಿ ನಿಯಮಗಳು ಬಿಗಿ. ಯುಜಿಸಿ 2018ರ ನಿಯಮಾವಳಿ ಕೃತಿಚೌರ್ಯವನ್ನು ಹಂತಗಳಾಗಿ ವಿಂಗಡಿಸಿತು: ಹೋಲಿಕೆ ಶೇ. 10ರವರೆಗೆ ದಂಡವಿಲ್ಲ, 10ರಿಂದ 40 ಇದ್ದರೆ ತಿದ್ದಿ ಕೊಡಬೇಕು, 40ರಿಂದ 60 ಇದ್ದರೆ ಒಂದು ವರ್ಷ ತಡೆ, 60 ಮೀರಿದರೆ ನೋಂದಣಿ ರದ್ದು. 2019ರ ಕೊನೆಯಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ‘ಸಂಶೋಧನೆ ಮತ್ತು ಪ್ರಕಟಣಾ ನೀತಿ’ ಎಂಬ 2 ಕ್ರೆಡಿಟ್, 30 ಗಂಟೆಯ ಪತ್ರಿಕೆ ಕಡ್ಡಾಯವಾಯಿತು. ಒಳ್ಳೆಯದೇ. ಆದರೆ ಹೋಲಿಕೆಯ ಶೇಕಡಾವಾರು ನೋಡುವ ತಂತ್ರಾಂಶ ಕದ್ದ ವಾಕ್ಯವನ್ನು ಹಿಡಿಯುತ್ತದೆ, ಕಟ್ಟುಕತೆಯ ದತ್ತಾಂಶವನ್ನಲ್ಲ. ಕನ್ನಡದಲ್ಲಿ ಬರೆದ ಪ್ರಬಂಧಗಳ ತಪಾಸಣೆಯಂತೂ ದುರ್ಬಲ. ‘ಒಂಬತ್ತು ಪರ್ಸೆಂಟ್ ಬಂದಿದೆ, ಸೇಫ್’ ಎನ್ನುವ ಮಾತು ಸಂಶೋಧಕರ ಬಾಯಲ್ಲಿ ಕೇಳಿಬರತೊಡಗಿದ ಮೇಲೆ ನಿಯಮದ ಉದ್ದೇಶ ತಲೆಕೆಳಗಾಗಿದೆ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ವೈಜ್ಞಾನಿಕ ಮೌಲ್ಯಗಳ ಬಗ್ಗೆ ಮಾರ್ಗಸೂಚಿ ಹೊರತಂದಿದೆ. ಬೆಂಗಳೂರಿನಿಂದಲೇ 1932ರಿಂದ ಪ್ರಕಟವಾಗುತ್ತಿರುವ ‘ಕರೆಂಟ್ ಸೈನ್ಸ್’ ಪತ್ರಿಕೆ ಈ ಚರ್ಚೆಗೆ ವೇದಿಕೆಯಾಗಿದೆ. ಇವು ಜಿಲ್ಲಾ ಕೇಂದ್ರದ ಕಾಲೇಜುಗಳ ಗ್ರಂಥಾಲಯದವರೆಗೆ ಬಂದು ಮುಟ್ಟಿರುವುದು ಅಪರೂಪ.

ಸೀಟು, ಭಾಷೆ, ಊರು

ವಿದ್ಯಾರ್ಥಿ ಕಾಲೇಜಿಗೆ ಕಾಲಿಡುವ ಬಗೆಯೇ ಅವನ ಮೊದಲ ನೀತಿಪಾಠ. ಕರ್ನಾಟಕ 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧಿಸುವ ಕಾನೂನು ಮಾಡಿತು. 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ರಾಜ್ಯದ ವೈದ್ಯಕೀಯ ಸೀಟಿನ ಶುಲ್ಕವನ್ನೇ ಪ್ರಶ್ನಿಸಿತು. ಆಮೇಲೆ ಬಂದ ಸಿಇಟಿ ಮತ್ತು 2013ರಲ್ಲಿ ಜಾರಿಯಾದ 371ಜೆ ವಿಧಿಯ ಮೀಸಲಾತಿ ಕಲ್ಯಾಣ ಕರ್ನಾಟಕದ ಹಳ್ಳಿಗಳ ಮಕ್ಕಳಿಗೆ ಬಾಗಿಲು ತೆರೆದವು. ಮನೆಯಲ್ಲಿ ಕನ್ನಡ, ಮರಾಠಿ ಇಲ್ಲವೇ ದಖ್ಖನಿ ಉರ್ದು ಆಡುವ ಇವರಿಗೆ ನೀತಿಯ ಚರ್ಚೆ ಇಂಗ್ಲಿಷಿನಲ್ಲೇ ನಡೆದರೆ ಬಾಯಿ ಕಟ್ಟಿದಂತಾಗುತ್ತದೆ. ಸರ್ಕ್ಯೂಟು ಸೂತ್ರ ಇಂಗ್ಲಿಷಿನಲ್ಲಿರಲಿ; ‘ನೀನಾಗಿದ್ದರೆ ಏನು ಮಾಡುತ್ತಿದ್ದೆ’ ಎಂಬ ಪ್ರಶ್ನೆಗೆ ಉತ್ತರ ಅವರವರ ಮಾತಿನಲ್ಲೇ ಬರಬೇಕು.

‘ಸಾಮಾಜಿಕ ಸಂಪರ್ಕ ಮತ್ತು ಹೊಣೆಗಾರಿಕೆ’ ಪತ್ರಿಕೆ ಇದಕ್ಕೆ ಒಳ್ಳೆಯ ಅವಕಾಶ. ಗಿಡ ನೆಟ್ಟು ಸಾಕುವುದು, ಪರಂಪರೆಯ ನಡಿಗೆ, ಸಾವಯವ ಕೃಷಿ ಮತ್ತು ಕಸ ವಿಲೇವಾರಿ, ನೀರಿನ ಸಂರಕ್ಷಣೆ, ಊಟದ ಪರಂಪರೆ ಇವು ಅದರ ಭಾಗಗಳು. ಫೋಟೋ ತೆಗೆದು ವರದಿ ಸಲ್ಲಿಸಿ ಮುಗಿಸಿದರೆ ಓಎಂಆರ್ ಹಾಳೆಗೂ ಇದಕ್ಕೂ ವ್ಯತ್ಯಾಸವಿಲ್ಲ. ಬೀದರ್ ಸೀಮೆಯಲ್ಲಿ ಮಾಡಲು ಬೇಕಾದಷ್ಟಿದೆ. ನೌಬಾದಿನ ಸುರಂಗಬಾವಿಯ ಮೇಲೆ ಇಂದು ಏನೇನು ಕಟ್ಟಿದ್ದಾರೆ ಎಂದು ಅಳೆಯಬಹುದು. ಕಾರಂಜಾ ಜಲಾಶಯಕ್ಕೆ ಹೊಲ ಕೊಟ್ಟ ಕುಟುಂಬಗಳು ಪರಿಹಾರಕ್ಕಾಗಿ ದಶಕಗಳಿಂದ ಕೇಳುತ್ತಲೇ ಇವೆ. ಅವರ ಜೊತೆ ಕುಳಿತು ಅಣೆಕಟ್ಟಿನ ಲಾಭ–ವೆಚ್ಚದ ಲೆಕ್ಕವನ್ನು ಮತ್ತೊಮ್ಮೆ ಹಾಕಬಹುದು. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಸುತ್ತಲ ಬಾವಿಗಳ ನೀರನ್ನು ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಪ್ರತಿ ಋತುವಿನಲ್ಲೂ ಪರೀಕ್ಷಿಸಿ, ಬಂದ ಅಂಕಿಯನ್ನು ಹಾಗೇ ಗ್ರಾಮ ಪಂಚಾಯಿತಿಗೆ ಕೊಡಬಹುದು. ಫಲಿತಾಂಶ ಕಾರ್ಖಾನೆಗೆ ಅನುಕೂಲವಾಗಿ ಬಂದರೂ ಊರಿಗೆ ಅನುಕೂಲವಾಗಿ ಬಂದರೂ ತಿದ್ದದಿರುವುದೇ ಇಲ್ಲಿ ಪರೀಕ್ಷೆ.

ಪರಂಪರೆಯ ನಡಿಗೆ ಗೋರ್ಟಾ (ಬಿ) ಗೆ ಹೋದರೆ ಕೆಲಸ ಇನ್ನೂ ಸೂಕ್ಷ್ಮವಾಗುತ್ತದೆ. 1948ರ ಮೇ ತಿಂಗಳಲ್ಲಿ ನಿಜಾಮನ ಪರದ ಸಶಸ್ತ್ರ ಪಡೆಯಾದ ರಜಾಕಾರರು ಇಲ್ಲಿ ಊರ ಜನರನ್ನು ಕೊಂದರು. ಸತ್ತವರು 200ರಷ್ಟು ಎಂದು ಸಾಮಾನ್ಯವಾಗಿ ಹೇಳುತ್ತಾರೆ. 2023ರ ಮಾರ್ಚ್ 26ರಂದು ಹುತಾತ್ಮರ ಸ್ಮಾರಕ ಉದ್ಘಾಟನೆಯಾಯಿತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ನಂತರ ಬೀದರ್ ಸೇರಿ ಸಂಸ್ಥಾನದ ಹಲವು ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಪಂಡಿತ್ ಸುಂದರಲಾಲ್ ಸಮಿತಿ ದಾಖಲಿಸಿತು. ಈ ನೆನಪುಗಳನ್ನು ಧ್ವನಿಮುದ್ರಿಸಲು ಹೋಗುವ ವಿದ್ಯಾರ್ಥಿ ಸಂಶೋಧನಾ ನೀತಿಯ ಎಲ್ಲ ಪ್ರಶ್ನೆಗಳನ್ನೂ ಒಮ್ಮೆಗೇ ಎದುರಿಸುತ್ತಾನೆ. ಹೇಳುವವರ ಒಪ್ಪಿಗೆ ಮೊದಲು, ರೆಕಾರ್ಡಿಂಗ್ ಆಮೇಲೆ. ಒಬ್ಬರು ಹೇಳಿದ ಸಂಖ್ಯೆಯೂ ಇನ್ನೊಬ್ಬರದೂ ಹೊಂದದಿದ್ದರೆ ಎರಡನ್ನೂ ಬರೆಯಬೇಕು, ಸರಾಸರಿ ತೆಗೆಯಬಾರದು. ಕಣ್ಣಾರೆ ಕಂಡದ್ದು ಯಾವುದು, ಅಜ್ಜಿಯಿಂದ ಕೇಳಿದ್ದು ಯಾವುದು ಎಂದು ಬೇರೆ ಬೇರೆ ಗುರುತಿಸಬೇಕು. ಹಿಂದೂ ಮನೆಗಳಲ್ಲಿ ಕೇಳಿದ ಪ್ರಶ್ನೆಯನ್ನೇ ಸುತ್ತಲ ಊರುಗಳ ಮುಸ್ಲಿಂ ಮನೆಗಳಲ್ಲೂ ಕೇಳಬೇಕು. ಮಾತು ಮುಗಿದ ಮೇಲೆ ಹಿರಿಯರೊಬ್ಬರು ‘ನನ್ನ ಹೆಸರು ಬರೀಬ್ಯಾಡಪಾ’ ಎಂದರೆ ಹೆಸರನ್ನು ವರದಿಯಿಂದಷ್ಟೇ ಅಲ್ಲ, ಮೊಬೈಲಿನ ಫೈಲಿನಿಂದಲೂ ತೆಗೆಯಬೇಕು. ಹಾಗೆ ತೆಗೆದದ್ದನ್ನು ಅವರಿಗೆ ತೋರಿಸಿ ಬರಬೇಕು.